ಈಸಾಕ್‌ನ ತಪ್ಪೊಪ್ಪಿಗೆ

ನನ್ನ ತಮ್ಮ ಈಸಾಕ್ ಸ್ಟಾಕ್‌ಹೋಮ್‌ನಲ್ಲಿ ಪಾರ್ಲಿಮೆಂಟ್ ಮೆಂಬರಾಗಿದ್ದಾಗ ನಮ್ಮ ಗಣಿಯೂರಿಗೆ ಬಂದು ಭಾಷಣ ಬಿಗಿಯದೆ ಹೋದದ್ದೇ ಇಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಬಿಡಲಿಲ್ಲ. ಗುಂಡಿಯ ಪಕ್ಕ ನಿಂತು, ಪ್ರಾರ್ಥನಾ ಮನೆಯವರೆಲ್ಲರ ಎದುರು, "ಈ ಮನುಷ್ಯನ ರಕ್ತ ಹೀರಿದ್ದು ಗಣಿ, ಬಾಯಿ ಹೊಲಿದದ್ದು ದೇವರು" ಎಂದ. ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಮ್ಮ ಪ್ರಾರ್ಥನಾ ಸಭೆಯವರಲ್ಲಿ, ನೋಯಿಸಿದವನು ಎದುರು ನಿಂತು ಕ್ಷಮೆ ಕೇಳಬೇಕು. ಕೇಳಿದ ಮೇಲೆ ತಬ್ಬಿಕೊಂಡು 'ಕ್ಷಮಿಸಿದೆ' ಎನ್ನಲೇಬೇಕು. ಮತ್ತೆ ಆ ಮಾತು ಎತ್ತುವಂತಿಲ್ಲ. ಅಂದು ಅವ್ವ ಕಾದಳು. ಇವನು ನಕ್ಕ.

"ಕೂಲಿಯವನ ಮಗ ಯಾರ ಮುಂದೂ ತಲೆ ತಗ್ಗಿಸಲ್ಲ ಅವ್ವ" ಎಂದು ಸ್ಟಾಕ್‌ಹೋಮ್ ರೈಲು ಹತ್ತಿದ.

ಆಮೇಲೆ ಅವನ ಕಮ್ಯುನಿಸ್ಟ್ ಪಾರ್ಟಿ ಒಡೆಯಿತು. ಮಾಸ್ಕೋದವರಿಗೆ ಇವನ ಯಾವುದೋ ಮಾತು ಹಿಡಿಸಲಿಲ್ಲವಂತೆ. ತಲೆ ತಗ್ಗಿಸದ ಮಹಾಶಯ ಪಾರ್ಟಿ ಪತ್ರಿಕೆಯಲ್ಲಿ ಪುಟದುದ್ದ ಗೋಗರೆದ: ದಾರಿ ತಪ್ಪಿದೆ, ಸಂಗಾತಿಗಳು ಮನ್ನಿಸಬೇಕು. ಆದರೂ ಕತ್ತು ಹಿಡಿದು ದಬ್ಬಿದರು. ಮುಂದಿನ ಚುನಾವಣೆಯಲ್ಲಿ ಸೀಟೂ ಹೋಯಿತು. ಆ ಪುಟವನ್ನು ಅವ್ವನಿಗೆ ಓದಿ ಹೇಳಿದವಳು ನಾನೇ. ಹೊಟ್ಟೆಯುರಿ ತೀರುವಷ್ಟು ಗಟ್ಟಿಯಾಗಿ ಓದಿದೆ.

ಚಳಿಗಾಲದಲ್ಲಿ ಒಂದು ಪೆಟ್ಟಿಗೆ ಹಿಡಿದು ಬಂದ. "ಒಲೆ ಪಕ್ಕ ಒಂದು ಹಾಸಿಗೆ ಸಾಕು ಅಕ್ಕ. ನಂಗೆ ಬೇರೆ ಜಾಗ ಇಲ್ಲ."

ಅವ್ವ ಕಾಫಿ ಬಗ್ಗಿಸಿದಳು. ನಮ್ಮಲ್ಲಿ ಮನೆಯವರ ಕಾಫಿಗೆ ಹಾಕುವ ಗಿಣ್ಣಿನ ತುಂಡನ್ನು ಇವನ ಬಟ್ಟಲಿಗೆ ಹಾಕಲಿಲ್ಲ.

"ಅಲ್ಲಿ ಕ್ಷಮೆ ಕೇಳಿದ್ಯಂತೆ?"

"ಕೇಳ್ದೆ."

"ಯಾರಾದ್ರೂ ತಬ್ಬಿಕೊಂಡ್ರಾ?"

"ಇಲ್ಲ."

"ಕ್ಷಮಿಸಿದೀವಿ ಅಂದ್ರಾ?"

"ಇಲ್ಲ ಅವ್ವ."

"ಥೂ, ಎಂಥ ಸಭೆಯೋ ಅದು!" ಎಂದು ಎದ್ದು ಅವನ ಮುಂದೆ ನಿಂತಳು. ಗುಂಡಿಯ ಪಕ್ಕ ನಿಂತ ಹಾಗೆಯೇ ಕಾದಳು.

ನನಗೆ ತಡೆಯಲಾಗಲಿಲ್ಲ. "ಕೇಳೋ ದರಿದ್ರದವನೇ! ಒಂದು ಮಾತು. ಹಾಸಿಗೆ ನಾನೇ ಹಾಸ್ತೀನಿ."

ಅವನು ಬಟ್ಟಲನ್ನೇ ನೋಡುತ್ತಿದ್ದ. "ತಪ್ಪು ಅಂತ ನಾನೇ ನಂಬದೇ ಇದ್ದದ್ದಕ್ಕೆಲ್ಲ ಅಲ್ಲಿ ತಪ್ಪಾಯ್ತು ಅಂದೆ. ಅಪ್ಪನ ಬಗ್ಗೆ ಹೇಳಿದ್ದು ಮಾತ್ರ ಸುಳ್ಳಲ್ಲ ಅವ್ವ. ಅದಕ್ಕೆ ಹೇಗೆ ಕೇಳ್ಲಿ?"

"ನಿಜವೋ ಸುಳ್ಳೋ ಅಂತ ನಾನು ಕೇಳಿದ್ನಾ? ನಂಗೆ ನೋವಾಯ್ತು."

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

"ಬಾಗಿಲು ಹಾಕು, ಚಳಿ ಬರ್ತಿದೆ" ಎಂದಳು ಅವ್ವ. ಹಾಕಿದೆ. ಇಬ್ಬರ ಮೇಲೂ ನನಗೆ ಇಂದಿಗೂ ಸಿಟ್ಟು. ಸುಳ್ಳು ಹೇಳಿಯೂ ಪಾರ್ಟಿಯಲ್ಲಿ ಉಳಿಯದವನು, ನಿಜ ಹೇಳಿ ಮನೆಯನ್ನೂ ಕಳೆದುಕೊಂಡ.