ಅಕ್ಕಿ ಮೂಟೆಯ ತಲೆಗೆ ಕಟ್ಟಿದ ನೋವು

ನಜ್ಲಾ ಗೋಡೆ ಹಿಡಿದುಕೊಂಡು, ಅಯ್ಯೋ ಅನ್ನುತ್ತಾ ಅಡುಗೆಮನೆಗೆ ಬಂದದ್ದೇ ತಡ, ಅತ್ತೆ ರುಖಿಯಾ ಎದೆ ಬಡಿದುಕೊಂಡರು.

“ಯಾ ಅಲ್ಲಾಹ್! ನಿನ್ನೆ ಅಕ್ಕಿ ಮೂಟೆ ಒಳಗೆ ಎಳಿ ಅಂತ ಹೇಳಿದ್ದು ನಾನೇ ಅಲ್ವಾ ಮಗಳೇ?”

“ಇರ್ಬಹುದು ಉಮ್ಮಾ,” ಎಂದಳು ನಜ್ಲಾ.

ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು! ಆ ಬಡಪಾಯಿ ಮೂಟೆಗೂ ಇವಳ ಸೊಂಟಕ್ಕೂ ಏನೇನೂ ಸಂಬಂಧವಿರಲಿಲ್ಲ. ಸಂಬಂಧ ಇದ್ದದ್ದು ಪಡೀಲಿನ ಮಾಳಿಗೆಯೊಂದರಲ್ಲಿ ದೊಡ್ಡವರಿಗಾಗಿ ನಡೆಯುವ ಬ್ಯಾಲೆ ನೃತ್ಯದ ಕ್ಲಾಸಿಗೆ. ಮನೆಯಲ್ಲಿ ಹೇಳಿದ್ದು ಹೊಲಿಗೆ ಕ್ಲಾಸ್ ಎಂದು. ಬಂದರಿನ ಮೆಣಸಿನ ವ್ಯಾಪಾರಿ ಬಾಸಿತನ ಹೆಂಡತಿ, ನಲವತ್ತು ಹತ್ತಿರವಾದ ಹೆಂಗಸು, ಬ್ಯಾಲೆ ಕಲಿಯುತ್ತಾಳೆಂದರೆ ನಗದೆ ಬಿಡುತ್ತಾರೆಯೇ?

ಕ್ಲಾಸಿನಲ್ಲೂ ಅವಳಿಗೆ ನಾಚಿಕೆಯೇ. ಬ್ಯಾಲೆಯಲ್ಲಿ ಪಾದಗಳು ಹೊರಕ್ಕೆ ತಿರುಗಬೇಕು; ತಿರುಗಬೇಕಾದದ್ದು ಸೊಂಟದ ಕೀಲಿನಿಂದ. “ನಿಮ್ಮ ಸೊಂಟ ಬಿಗಿ ಉಂಟು, ಒತ್ತಾಯ ಮಾಡ್ಬೇಡಿ,” ಎಂದಿದ್ದರು ಟೀಚರ್ ಮೆಲಿಸಾ. “ಮನೆಯಲ್ಲಿ ದಿನಾ ಅಂಗಾತ ಮಲಗಿ, ಕಾಲು ಕುರ್ಚಿ ಮೇಲಿಟ್ಟು ನಿಧಾನ ಉಸಿರು ಬಿಡಿ. ಅದಾಗಿಯೇ ಸಡಿಲ ಆಗ್ತದೆ.” ಅತ್ತೆ ಓಡಾಡುವ ಮನೆಯಲ್ಲಿ ಕಾಲು ಮೇಲೆ ಮಾಡಿ ಮಲಗುವುದೇ! ನಜ್ಲಾ ಒಂದು ದಿನವೂ ಮಲಗಲಿಲ್ಲ. ಹಿಂದಿನ ದಿನ ಪಕ್ಕದಲ್ಲಿ ನಿಂತ ತೃಷಾ ಎಂಬ ಚಿಕ್ಕ ಪ್ರಾಯದವಳ ಪಾದ ಸಲೀಸಾಗಿ ತಿರುಗಿದ್ದು ನೋಡಿ ಹಟ ಬಂತು. ತಾನೂ ತಿರುಚಿದಳು, ಬೆನ್ನು ಕಳಕ್ಕೆಂದಿತು. ಅಲ್ಲೂ “ಏನಿಲ್ಲ, ಏನಿಲ್ಲ” ಎಂದು ನಕ್ಕು ಬಂದಿದ್ದಳು ಪುಣ್ಯಾತ್ಗಿತ್ತಿ.

ಇನ್ನು ರುಖಿಯಾ ಬಿಡುವವರೇ? ತೈಲ ಬಿಸಿ ಮಾಡಿ, ವಾತದಿಂದ ಗಂಟುಗಟ್ಟಿದ ಬೆರಳುಗಳಲ್ಲೇ ಬೆಳಿಗ್ಗೆ ಸಂಜೆ ತಿಕ್ಕಿದರು. ನಡುನಡುವೆ ನೋವಿಗೆ ಕೈ ಕೊಡವಿಕೊಳ್ಳುತ್ತಿದ್ದರು. ಮೀನು ಕೊಯ್ಯುವುದು, ಒಲೆ ಮುಂದೆ ನಿಲ್ಲುವುದು ಎಲ್ಲ ಅವರ ಪಾಲಿಗೇ ಬಂತು. ಬೇಡವೆಂದರೆ, “ಸುಮ್ನಿರು, ಮಾಡಿದ್ದು ನಾನಲ್ವಾ?” ಎನ್ನುತ್ತಿದ್ದರು.

ಶುಕ್ರವಾರ ಊಟಕ್ಕೆ ಕೂತಾಗ ಬಾಸಿತ್ ರೇಗಿದ. “ಎಂತ ಉಮ್ಮಾ ನೀವು? ಒಂದು ಫೋನ್ ಮಾಡಿದ್ರೆ ಅಂಗಡಿಯಿಂದ ಜನ ಕಳಿಸ್ತಿದ್ದೆ. ಇವಳ ಹತ್ರ ಮೂಟೆ ಎಳೆಸುವುದಾ?”

ರುಖಿಯಾ ತಟ್ಟೆಯ ಅನ್ನವನ್ನು ಬದಿಗೆ ಸರಿಸಿದರು. “ತಪ್ಪಾಯ್ತು ಮಗಾ,” ಎಂದರು, ತಾವೇ ಹೆತ್ತವನಿಗೆ.

ನಜ್ಲಾ ಅನ್ನ ಕಲಸುತ್ತಲೇ ಕೂತಳು. ಛೀ, ನಾನೂ ಒಂದು ಹೆಂಗಸಾ ಅನಿಸಿತು. ಅನಿಸಿ ಏನು ಬಂತು, ಬಾಯಿ ಮಾತ್ರ ತೆರೆಯಲಿಲ್ಲ. ಬಾಸಿತ್ ಕೈ ತೊಳೆದು ಅಂಗಡಿಗೆ ಹೋದ. ಅತ್ತೆ ತೈಲದ ಬಟ್ಟಲು ಹಿಡಿದು ಬಂದರು.

ಬೋರಲು ಮಲಗಿ, ದಿಂಬಿಗೆ ಮುಖ ಒತ್ತಿ, ನಜ್ಲಾ ಎಲ್ಲ ಹೇಳಿಬಿಟ್ಟಳು. ಕ್ಲಾಸು, ಪಾದ, ಹಟ, ಹೊಲಿಗೆಯ ಸುಳ್ಳು, ಒಂದನ್ನೂ ಬಿಡಲಿಲ್ಲ. ಬೆನ್ನ ಮೇಲಿನ ಕೈ ನಿಂತಿತು. ಬೈಯಲಿ, ಎರಡು ಬಾರಿಸಲಿ ಎಂದು ಕಾದಳು.

“ಹಾಗಾದ್ರೆ ಮೂಟೆಯಿಂದ ಅಲ್ವಾ?” ರುಖಿಯಾ ಮುಂದಕ್ಕೆ ಬಾಗಿದರು. “ನನ್ನಿಂದ ಅಲ್ವಾ ಮಗಳೇ?”

“ಅಲ್ಲ ಉಮ್ಮಾ.”

“ಅಲ್‌ಹಮ್ದುಲಿಲ್ಲಾಹ್!” ಎಣ್ಣೆ ಮೆತ್ತಿದ ಕೈ ಮಡಚಿ, ಮಣಿಗಂಟಿನಿಂದ ಕಣ್ಣೊರೆಸಿಕೊಂಡರು. “ಸೊಸೆಯ ಸೊಂಟ ಮುರಿದೆ ಅಂತ ನನಗೆ ನಿದ್ದೆಯೇ ಇಲ್ಲ, ಗೊತ್ತುಂಟಾ?”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಖ ಎಲ್ಲಿಡಬೇಕೆಂದು ನಜ್ಲಾಗೆ ತಿಳಿಯಲಿಲ್ಲ.

“ಟೀಚರ್ ಎಂತ ಮಾಡ್ಲಿಕ್ಕೆ ಹೇಳಿದ್ದು?” ಕೇಳಿದರು ಅತ್ತೆ. ಹೇಳಿದಳು. ರುಖಿಯಾ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು, ನೆಲಕ್ಕೆ ಚಾಪೆ ಹಾಸಿ, ಸೊಸೆಯನ್ನು ಅಂಗಾತ ಮಲಗಿಸಿದರು. ಅವಳ ಕಾಲುಗಳನ್ನು ತಾವೇ ಎತ್ತಿ ಕುರ್ಚಿಯ ಮೇಲಿಟ್ಟರು. ಪಾದಗಳು ನೇರ ಅತ್ತೆಯ ಮುಖಕ್ಕೇ! ನಜ್ಲಾ ಕಾಲು ಎಳೆದುಕೊಳ್ಳಲು ನೋಡಿದಳು. ಅವರು ಬಿಡಲಿಲ್ಲ.

“ಬಾಸಿತ್ ಬಂದ ಮೇಲೆ ಅವನಿಗೆ ಒಂದು ಮಾತು ಹೇಳ್ತೀಯಾ?” ಎಂದರು ಮೆಲ್ಲಗೆ, ಏನೋ ಸಾಲ ಕೇಳುವವರ ಹಾಗೆ. “ಡ್ಯಾನ್ಸ್ ವಿಷಯ ಬೇಕಾದ್ರೆ ಬಿಡು. ಉಮ್ಮನಿಂದ ಅಲ್ಲ ಅಂತ ಮಾತ್ರ ಹೇಳು.”

“ಎಲ್ಲ ಹೇಳ್ತೇನೆ ಉಮ್ಮಾ,” ಎಂದಳು ನಜ್ಲಾ. ಕಣ್ಣೀರು ಎರಡೂ ಬದಿಯಿಂದ ಇಳಿದು ಕಿವಿಯೊಳಗೆ ಹೋಯಿತು.

ಸಂಜೆ ಅಂಗಳದಲ್ಲಿ ಬಾಸಿತನ ಸ್ಕೂಟರ್ ನಿಂತ ಸದ್ದಾದಾಗ ಅವಳು ಮತ್ತೆ ಹಾಗೆಯೇ ಮಲಗಿದ್ದಳು. ಕಾಲು ಇಳಿಸಲಿಲ್ಲ.