ಮಣಿಕಟ್ಟು

ಕಂಬಿ ನಡುಗುತ್ತಿದೆ, ಬಸ್ಸಿನ ಮುಂದಿನ ಸೀಟಿನ ಕಂಬಿ, ಅದರ ಮೇಲೆ ನನ್ನ ಬಲಗೈಯ ಮೂರು ಬೆರಳು ತಾವಾಗಿಯೇ ಸಾಲಾಗಿ ಕೂತಿವೆ — ಇಂಜಿನ್ನಿನ ನಡುಕ ಒಂದೇ ಸಮ, ನಂಜಮ್ಮನ ನಾಡಿ ಹಾಗಿರಲಿಲ್ಲ, ಎರಡು ಬಡಿತ ಒತ್ತೊತ್ತಾಗಿ, ಆಮೇಲೆ ಖಾಲಿ, ಆಮೇಲೊಂದು ಸಣ್ಣದು, ತಪ್ಪುವುದರಲ್ಲೂ ಒಂದು ಕ್ರಮವಿಲ್ಲದ ಹಾಗೆ — ಹೃದಯದ ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರೀ ಅದುರುತ್ತಿವೆ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪಿನ ಚೂರೊಂದು ಮಿದುಳಿಗೆ ಹೋದರೆ ಒಂದು ಪಕ್ಕವೇ ಬಿದ್ದುಹೋಗುತ್ತದೆ, ಇವತ್ತಾಗಬಹುದು, ವರ್ಷ ಬಿಟ್ಟು ಆಗಬಹುದು, ಗುಳಿಗೆ ತಡೆಯುತ್ತದೆ, ಮೊದಲು ಒಂದು ಇಸಿಜಿ ಆಗಬೇಕು, ಹೇಳಿದೆನಲ್ಲ, ಭದ್ರಾವತಿಯ ಜನ್ನಾಪುರದ ಅವಳ ಜಗಲಿಯಲ್ಲಿ ಕೂತು ಕೈ ಹಿಡಿದುಕೊಂಡೇ ಹೇಳಿದೆ, ನಂಜಮ್ಮಾ, ಇವತ್ತೇ ಆಸ್ಪತ್ರೆಗೆ ಹೋಗಬೇಕು, ಅವಳು ನಕ್ಕಳು, ಏನ್ ಡಾಕ್ಟ್ರೆ, ಎಲೆಕ್ಷನ್ ಬಂತಾ ಮತ್ತೆ, ಎನ್ನುತ್ತಾ ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

ಯಜಮಾನ್ರೆ, ಸ್ವಲ್ಪ ಆ ಕಡೆ ಸರೀರಿ, ಕಂಡಕ್ಟರ್ ನನಗೇ ಹೇಳುತ್ತಿದ್ದಾನೆ, ಸರಿದೆ — ಯಜಮಾನ್ರು, ಇದೂ ಒಂದು ಪದವಿಯೇ, ಭದ್ರಾವತಿಯಲ್ಲಿ ಡಾಕ್ಟ್ರು, ವಿಧಾನಸೌಧದಲ್ಲಿ ಸಾಹೇಬ್ರು, ರಾಯಭಾರ ಕಚೇರಿಯಲ್ಲಿ ಎಕ್ಸಲೆನ್ಸಿ, ಹೆಂಡತಿ ಬಸವರಾಜೇಶ್ವರಿ ಮಾತ್ರ ಎಲ್ಲ ಕಡೆಯೂ ರೀ ಎನ್ನುತ್ತಿದ್ದಳು, ಅವಳು ಹೋದ ಮೇಲೆ ಶಿವಮೊಗ್ಗದ ವಿದ್ಯಾನಗರದ ಮನೆಯಲ್ಲಿ ಕರೆಗಂಟೆಯ ಸದ್ದೊಂದೇ, ಅದೂ ಪಕ್ಕದ ಮನೆಯ ವಿಳಾಸ ಕೇಳುವವರದು, ಅದಕ್ಕೇ ತಾನೆ ಬೆಳಿಗ್ಗೆ ಎದ್ದು ನಂಜಮ್ಮನನ್ನು ನೋಡಲು ಹೊರಟದ್ದು, ನನ್ನ ಕ್ಲಿನಿಕ್ಕಿನ ಆಯಾ, ಕಾರ್ಖಾನೆಯ ಪಾಳಿ ಮುಗಿಸಿ ಬಂದವರನ್ನು ಸಾಲಾಗಿ ಕೂರಿಸಿ, ಉಸಿರ್ ಬಿಡ್ರೋ, ಡಾಕ್ಟ್ರು ಎಣಿಸ್ತಾವ್ರೆ, ಎಂದು ಗದರುತ್ತಿದ್ದವಳು, ಆಗ ನಾನು ಎಣಿಸುತ್ತಿದ್ದೆ, ನಿಜವಾಗಿ ಎಣಿಸುತ್ತಿದ್ದೆ — ಆಮೇಲೆ ಬಂದ ಉಜ್ಜನಪ್ಪ, ಪಕ್ಷದ ಹಿರಿಯ, ಬಾಯಲ್ಲಿ ಎಲೆಅಡಿಕೆ, ವೋಟಿಗೆ ಕೈ ಮುಗಿಯೋರು ಊರ್ ತುಂಬಾ ಇದಾರೆ ಮಾರಾಯ್ರೆ, ನೀವು ನಾಡಿ ಹಿಡೀರಿ, ಹಿಡಿದೆ, ಓಣಿ ಓಣಿಯಲ್ಲಿ, ಮೂರು ಬೆರಳು ಮಣಿಕಟ್ಟಿನ ಮೇಲೆ, ಕಣ್ಣು ಫೋಟೋದವನ ಮೇಲೆ, ಅಜ್ಜಿ, ಶಿವಮೊಗ್ಗಕ್ಕೆ ಬನ್ನಿ, ಎಲ್ಲಾ ಚೆಕ್ ಮಾಡಿಸ್ತೀನಿ, ಗೋಡೆ ಗೋಡೆಯ ಮೇಲೂ ಅದೇ ಚಿತ್ರ, ನಾಡಿ ಹಿಡಿಯೋ ಡಾಕ್ಟ್ರು, ಗೆದ್ದೆ, ಇನ್ನೊಮ್ಮೆ ಗೆದ್ದೆ, ಮೂರನೆಯ ಸಲ ಟಿಕೆಟ್ ಬೇರೆಯವರಿಗೆ, ನನಗೆ ಹಿಮ ಬೀಳುವ ದೇಶವೊಂದರ ರಾಯಭಾರ, ಅಲ್ಲಿ ಬರೀ ಕೈಕುಲುಕು, ಅಂಗೈಗೆ ಅಂಗೈ, ಮಣಿಕಟ್ಟಿನವರೆಗೆ ಯಾರೂ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ, ಒಮ್ಮೆ ಅಲ್ಲಿನ ಮಂತ್ರಿಯೊಬ್ಬರ ಕೈ ಹಿಡಿದಾಗ ನನ್ನ ತೋರುಬೆರಳು ತಾನೇ ಜಾರಿ ಮುಂದೆ ಹೋಯಿತು, ನಾಡಿ ಓಡುತ್ತಿತ್ತು, ಮುಖದಲ್ಲಿ ನಗು, ಅವರು ಥಟ್ಟನೆ ಕೈ ಬಿಡಿಸಿಕೊಂಡರು — ನಂಜಮ್ಮ ಹಾಗಲ್ಲ, ನಿಧಾನ, ಸಂಕೋಚವಿಲ್ಲದೆ, ಮನೆಯವರ ಮುಂದೆ ಎಳೆದುಕೊಳ್ಳುವ ಹಾಗೆ, ಸೆರಗಿನೊಳಗೆ.

ಫೋನು, ಅವಳ ಮಗ ಗುರು, ನಾನೇ ಆಗ ಮಾಡಿದ್ದೆ, ಈಗ ತಿರುಗಿ ಮಾಡಿದ್ದಾನೆ, ಗುರು, ನಿಮ್ಮಮ್ಮನ ನಾಡಿ ಸರಿಯಿಲ್ಲಪ್ಪ, ಇವತ್ತೇ ಕರ್ಕೊಂಡು ಹೋಗು, ಅಯ್ಯೋ ಅವ್ರು ಗುಂಡುಕಲ್ಲು ಇದ್ದಂಗೆ ಇದಾರೆ ಬಿಡಿ ಸಾರ್, ನೀವು ಮನೆಗೆ ಬಂದಿದ್ದೇ ದೊಡ್ಡದು, ನನ್ ಮಗಳು ಮೋನಿಕಾ ಸೆಲ್ಫಿ ಕಳಿಸಿದ್ಲು, ಸ್ಟೇಟಸ್ ಹಾಕ್ಬಿಟ್ಟೆ, ಅಂದಂಗೆ ಈ ಸಲ ಯಾವ ಪಾರ್ಟಿ ಸಾರ್ — ಯಾವ ಪಾರ್ಟಿಯೂ ಇಲ್ಲಪ್ಪ, ಕೇಳು — ಆಯ್ತು ಆಯ್ತು, ಗುಟ್ಟು ನಮ್ಮಲ್ಲೇ ಇರತ್ತೆ, ನಕ್ಕ, ಇಟ್ಟ. ಬಸ್ಸು ನಿಲ್ಲುತ್ತಿದೆ, ಮಲವಗೊಪ್ಪ, ಯಾರೋ ಇಳಿಯುತ್ತಿದ್ದಾರೆ, ನಾನೂ ಇಳಿಯುತ್ತಿದ್ದೇನೆ, ಯಜಮಾನ್ರೆ ನಿಮ್ದು ಶಿವಮೊಗ್ಗ, ಗೊತ್ತಪ್ಪ ಗೊತ್ತು, ರಸ್ತೆ ದಾಟಬೇಕು, ಆ ಕಡೆಯಿಂದ ಭದ್ರಾವತಿಯ ಬಸ್ಸು, ತಿರುಗಿ ಹೋಗಿ ಆಟೋ ಹತ್ತಿಸಿಕೊಂಡು ನಾನೇ ಕರೆದೊಯ್ಯುತ್ತೇನೆ, ಏನೆಂದು ಹೇಳಲಿ, ಆಣೆ ಇಡಲೇ, ಆಣೆಯನ್ನೂ ಇಟ್ಟಾಗಿದೆ ಆ ಜಗಲಿಯಲ್ಲೇ, ಚುನಾವಣೆಯಲ್ಲಿ, ಕಾಲು ಹಿಡಿಯಲೇ, ಅದನ್ನೂ ಮಾಡಿದ್ದೇನೆ, ನನ್ನ ಹತ್ತಿರ ಉಳಿದ ಮಾತು ಯಾವುದೂ ಹೊಸದಲ್ಲ, ಯೋಚನೆ ಮಾಡಬೇಡಿ ಡಾಕ್ಟ್ರೆ, ಎಂದಳಲ್ಲ ಬಾಗಿಲವರೆಗೆ ಬಂದು, ನನ್ ವೋಟು ಯಾವತ್ತಿದ್ರೂ ನಿಮಗೇ, ಎಷ್ಟು ಪ್ರೀತಿಯಿಂದ ಎಂದಳು — ಬಸ್ಸು ಬರುತ್ತಿದೆ, ಕೈ ಅಡ್ಡ ಹಿಡಿದಿದ್ದೇನೆ, ಗಾಳಿಯಲ್ಲಿ ಮೂರು ಬೆರಳು, ಎರಡು ಒತ್ತೊತ್ತಾಗಿ, ಖಾಲಿ, ಒಂದು ಸಣ್ಣದು, ಖಾಲಿ, ಸೆರಗಿನೊಳಗೆ ಹೋಗುತ್ತಿರುವ ಕೈ, ಸೆರಗಿನೊಳಗೆ ಕೈ.