ಹಗ್ಗದ ಮೇಲಿನ ಠರಾವು

ತನ್ನ ವಾರಪತ್ರಿಕೆಯ ಬಗ್ಗೆ ಪೊಲಿಕ್ಸೇನಿಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಎಪಿರಸ್ ಬೆಟ್ಟಗಳ ನಡುವಿನ ಆ ಪುಟ್ಟ ಊರಿನಲ್ಲಿ ಪುರಸಭೆಯ ನಡಾವಳಿಯನ್ನು ಒಂದಕ್ಷರ ಬಿಡದೆ ಅಚ್ಚು ಹಾಕುತ್ತಿದ್ದವಳು ಅವಳೊಬ್ಬಳೇ. ಅದನ್ನು ಯಾರಾದರೂ ಓದುತ್ತಾರೆಯೇ ಎಂದು ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾರನ್ನೂ ಕೇಳಿರಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಗಿತ್ತು ಅನ್ನಿ.

ಆ ಸೋಮವಾರ ಕೇಳಲೇಬೇಕಾಯಿತು. ಊರಿಗೆಲ್ಲ ನೀರು ಕೊಡುವ ಒರತೆಯನ್ನು ಬಾಟಲಿ ನೀರಿನ ಕಂಪನಿಗೆ ಮೂವತ್ತು ವರ್ಷ ಬಿಟ್ಟುಕೊಡುವ ಠರಾವು ಗುರುವಾರ ಮತಕ್ಕೆ ಬರುವುದಿತ್ತು. ಹಿಂದಿನ ಸಂಚಿಕೆಯಲ್ಲಿ ಅದು ಪೂರ್ತಿ ಅಚ್ಚಾಗಿದ್ದರೂ ಊರಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಸೀದಾ ಚೌಕದ ಗೂಡಂಗಡಿಗೆ ಹೋದಳು. ಅಂಗಡಿಯ ಪಾಂದೆಲಿಸ್ ಎಂದಿನಂತೆ ಪತ್ರಿಕೆಗಳನ್ನು ಬಟ್ಟೆ ಕ್ಲಿಪ್ಪಿನಿಂದ ಹಗ್ಗಕ್ಕೆ ತೂಗುಹಾಕಿದ್ದ. ಏಳೆಂಟು ಜನ ಕೈ ಬೆನ್ನಿಗೆ ಕಟ್ಟಿಕೊಂಡು, ಕತ್ತು ಚಾಚಿ ಮುಖಪುಟಗಳನ್ನು ಓದುತ್ತಿದ್ದರು. ಓದಿ ಮುಗಿಸಿದವರು ಒಂದು ಪ್ರತಿಯನ್ನೂ ಕೊಳ್ಳದೆ ಕಾಫಿ ಕುಡಿಯಲು ನಡೆಯುತ್ತಿದ್ದರು. ಈ ಪುಕ್ಕಟೆ ಓದುಗರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

“ಪಾಂದೆಲಿಸ್, ಒರತೆ ವಿಷ್ಯ ಓದಿದ್ಯೇನೋ?”

“ಯಾವ ಒರತೆ?”

“ನಾಕನೇ ಪುಟದಲ್ಲಿ ಹಾಕಿದ್ನಲ್ಲೋ! ‘ಜಲಸಂಪನ್ಮೂಲ ಬಳಕೆ ಹಕ್ಕಿನ ಮರುವಿನ್ಯಾಸ’ ಅಂತ!”

“ಅದಾ? ಎಲ್ಲೋ ಪುರಸಭೆ ಕಚೇರಿಯ ನಲ್ಲಿ ರಿಪೇರಿ ಮಾಡಿಸ್ತಾರೇನೋ ಅಂದ್ಕೊಂಡೆ ಕಣಕ್ಕಾ. ಬೇಜಾರು ಮಾಡ್ಕೋಬೇಡ, ನೀನು ಬರೆಯೋದು ನಮ್ಮ ಪಾದ್ರಿ ಪ್ರಾರ್ಥನೆ ಇದ್ದಂಗೆ. ಕೇಳೋಕೆ ಚೆಂದ, ಅರ್ಥ ದೇವರಿಗೇ ಗೊತ್ತು. ಅದೂ ನಾಕನೇ ಪುಟ! ಹಗ್ಗದ ಮೇಲೆ ಕಾಣದ್ದು ಅಚ್ಚಾದ್ರೂ ಒಂದೇ, ಬಿಟ್ರೂ ಒಂದೇ.”

ಪೊಲಿಕ್ಸೇನಿಗೆ ಸಿಟ್ಟು ನೆತ್ತಿಗೇರಿತು. ಕಚೇರಿಗೆ ಬಂದು ಕೂತ ಮೇಲೆ, ಅವನಂದದ್ದು ನಿಜವೆಂದು ತಿಳಿದು ಸಿಟ್ಟು ತನ್ನ ಮೇಲೆಯೇ ತಿರುಗಿತು. ಠರಾವನ್ನು ಮುಂದಿಟ್ಟುಕೊಂಡು ಬರೆಯತೊಡಗಿದಳು. ಆಗಸ್ಟಿನಲ್ಲಿ ನೀರು ಕಡಿಮೆಯಾದರೆ ಮೊದಲ ಪಾಲು ಯಾರಿಗೆ? ಹನ್ನೊಂದನೇ ಕಲಮಿನ ಪ್ರಕಾರ ಕಂಪನಿಗೆ. ಕುರಿಗಳ ತೊಟ್ಟಿಗೆ? ಅದರ ಮಾತೇ ಇಲ್ಲ. ಬೇಡ ಅನ್ನಲು ಏನು ಮಾಡಬೇಕು? ಗುರುವಾರ ಸಂಜೆ ಆರಕ್ಕೆ ಸಭೆಗೆ ಬಂದು ಪ್ರಶ್ನೆ ಕೇಳಿ, ಅದು ನಿಮ್ಮ ಹಕ್ಕು. ಇಷ್ಟನ್ನೂ ಎರಡು ಮಾರು ದೂರಕ್ಕೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಮುಖಪುಟಕ್ಕೇ ಹಾಕಿ, ಬುಧವಾರ ವಿಶೇಷ ಸಂಚಿಕೆ ತಂದಳು.

“ಎಲ್ಲಾ ಹೊರಗೇ ಇಟ್ರೆ ಯಾರು ಕೊಳ್ತಾರಕ್ಕಾ?” ಎಂದ ಪಾಂದೆಲಿಸ್.

“ಕೊಳ್ಳದಿದ್ರೆ ಕತ್ತೆ ಬಾಲ. ಮೊದಲು ತೂಗುಹಾಕು.”

ಗುರುವಾರದ ಸಭೆಗೆ ಜನ ಮೆಟ್ಟಿಲವರೆಗೂ ತುಂಬಿದರು. ಮೇಯರ್ ಗಂಟಲು ಸರಿಮಾಡಿಕೊಂಡ. “ನೋಡಿ, ಇದು ತಾಂತ್ರಿಕ ವಿಷ್ಯ. ನಿಮಗೆ ತಲೆಬುಡ ತಿಳಿಯೋದಿಲ್ಲ.”

ಕುರಿ ಸಾಕುವ ಮುದುಕ ಸೋತಿರಿಸ್ ಕೋಲೂರಿ ಎದ್ದ. “ಬುಡ ಆಮೇಲೆ ನೋಡಣ ಸ್ವಾಮಿ. ಹನ್ನೊಂದನೇ ಕಲಮು ಹೇಳಿ. ಆಗಸ್ಟ್‌ನಲ್ಲಿ ನನ್ನ ಕುರಿ ಎಲ್ಲಿ ನೀರು ಕುಡೀಬೇಕು?”

ಮೇಯರ್ ಕಾಗದ ಮಗುಚಿದ, ಪಕ್ಕದವನ ಕಿವಿ ಕಚ್ಚಿದ. ಆಗ ಅವನದೇ ಪಕ್ಷದ ಸದಸ್ಯ ಅರಿಸ್ತೀದಿಸ್ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು.

“ಸಮಿತೀಲಿ ಇದಕ್ಕೆ ಸಹಿ ಹಾಕ್ದೋನು ನಾನು. ಏನಕ್ಕೆ ಹಾಕಿದ್ದೆ ಅಂತ ಗೊತ್ತಾಗಿದ್ದು ನಿನ್ನೆ, ಗೂಡಂಗಡಿ ಮುಂದೆ ನಿಂತು ಓದ್ದಾಗ. ನನಗೆ ನಾಚಿಕೆಯಾಗ್ತಿದೆ. ಇವತ್ತು ನನ್ನ ಕೈ ಏಳಲ್ಲ.”

ಹದಿಮೂರು ಜನರಲ್ಲಿ ಕೈ ಎತ್ತಿದವರು ನಾಲ್ವರು. ಠರಾವು ಬಿದ್ದುಹೋಯಿತು.

ಜನ ಕರಗುತ್ತಿದ್ದಾಗ ಸೋತಿರಿಸ್ ಕೋಲು ಕುಟ್ಟುತ್ತ ಪೊಲಿಕ್ಸೇನಿಯ ಹತ್ತಿರ ಬಂದ. “ತಾಯಿ, ಪುರಸಭೆ ಬಜೆಟ್ಟು ಅಂತಾರಲ್ಲ, ಅದನ್ನೂ ಹಿಂಗೇ ಬರಿತೀಯಾ? ಎಂಬತ್ತೊಂದು ವರ್ಷ ಆಯ್ತು ನನಗೆ. ಅದೇನು ಅಂತ ಇನ್ನೂ ಯಾರೂ ಹೇಳಿಲ್ಲ.”

ತನ್ನ ಪತ್ರಿಕೆಯ ಬಗ್ಗೆ ಇಷ್ಟು ಹೆಮ್ಮೆ ಪೊಲಿಕ್ಸೇನಿಗೆ ಎಂದೂ ಆಗಿರಲಿಲ್ಲ. ಕಣ್ಣು ತುಂಬಿ ಬಂತು.

“ಮುಂದಿನ ವಾರವೇ ಬರೀತೀನಿ ಮಾವ,” ಎಂದಳು. “ಅರ್ಥ ಆಗದಿದ್ರೆ ಕಚೇರಿಗೇ ಬಂದು ನನ್ನ ಬೈದುಬಿಡು.”